ಮುಖಪುಟದಲ್ಲಿ ಹೆಸರಿಲ್ಲದವರಿಗೆ

ನನ್ನ ಮೊದಲ ಕಾದಂಬರಿಯ ಪ್ರತಿಗಳು ಮುಗಿದು ಎರಡನೇ ಮುದ್ರಣ ಬಂದಿದೆ. ಅಭಿನಂದನೆ ಹೇಳಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಖಪುಟದಲ್ಲಿ ನನ್ನೊಬ್ಬನದೇ ಹೆಸರಿದೆ. ವಿಡಿಯೋ ಗೇಮ್ ಮಾಡುವ ಕಡೆಯಿಂದ ಬಂದವನಿಗೆ ಇದು ಯಾಕೋ ಸರಿ ಕಾಣುವುದಿಲ್ಲ. ಉಳಿದವರ ಹೆಸರುಗಳು ಕೊನೇ ಪುಟದಲ್ಲಿವೆ, ನಿಜ. ಆದರೆ ಯಾರು ಏನು ಮಾಡಿದರು ಅಂತ ಹೇಳಲು ಅಲ್ಲಿ ಜಾಗ ಇರಲಿಲ್ಲ.

ಹೆಸರಿನ ವಿಷಯ ನಮ್ಮ ಕಸುಬಿನಲ್ಲಿ ಸಣ್ಣದಲ್ಲ. ಒಂದು ಕಾಲದಲ್ಲಿ ಅಟಾರಿ ಕಂಪನಿ ಆಟ ಬರೆದವರ ಹೆಸರನ್ನೇ ಹಾಕುತ್ತಿರಲಿಲ್ಲ. ಹೆಸರೂ ಇಲ್ಲ, ತಕ್ಕ ದುಡ್ಡೂ ಇಲ್ಲ ಅಂತ ಕೆಲವು ಪ್ರೋಗ್ರಾಮರ್‌ಗಳು ಹೊರಬಂದು 1979ರಲ್ಲಿ ಆ್ಯಕ್ಟಿವಿಷನ್ ಕಟ್ಟಿದರು. ವಾರೆನ್ ರಾಬಿನೆಟ್ ಬೇರೆ ದಾರಿ ಹಿಡಿದರು. ‘ಅಡ್ವೆಂಚರ್’ ಆಟದೊಳಗೆ ಗುಟ್ಟಾಗಿ ಒಂದು ಕೋಣೆ ಮಾಡಿ, ಅಲ್ಲಿ ತಮ್ಮ ಹೆಸರು ಬರೆದಿಟ್ಟರು. ಬೂದು ಬಣ್ಣದ ಒಂದು ಪುಟ್ಟ ಚುಕ್ಕಿಯನ್ನು ಹುಡುಕಿ ತಂದವರಿಗೆ ಮಾತ್ರ ಅದು ಕಾಣುತ್ತಿತ್ತು. ಇಡೀ ಆಟಕ್ಕೆ ಇದ್ದದ್ದೇ 4 ಕಿಲೋಬೈಟ್. ಅಷ್ಟರಲ್ಲೂ ಹೆಸರಿಗೆ ಜಾಗ ಮಾಡಿದ್ದರು!

ಮೊದಲ ಥ್ಯಾಂಕ್ಸ್ ನನ್ನ ಮೊದಲ ಲೀಡ್‌ಗೆ, ಅಂದರೆ ತಂಡದ ಮುಖ್ಯಸ್ಥರಿಗೆ. ಪರದೆಯ ಮೇಲೆ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡಬೇಕಾದರೆ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ಬಟನ್ ಒತ್ತಿದ್ದನ್ನು ಓದುವುದು, ಲೆಕ್ಕ ಮಾಡುವುದು, ಚಿತ್ರ ಬಿಡಿಸುವುದು, ಎಲ್ಲ ಅಷ್ಟರಲ್ಲೇ ಆಗಬೇಕು. ನಾನು ಪ್ರೀತಿಯಿಂದ ಬರೆದ ಕೋಡ್ ತೋರಿಸಿದಾಗಲೆಲ್ಲ ಅವರು ಕೋಡ್‌ನ ಯಾವ ಭಾಗ ಎಷ್ಟು ಹೊತ್ತು ತಿನ್ನುತ್ತದೆ ಅಂತ ತೋರಿಸುವ ಪ್ರೊಫೈಲರ್ ತೆರೆದು, "ಚೆನ್ನಾಗಿದೆ. ಆದ್ರೆ ಆಡೋರಿಗೆ ಇದು ಬೇಕಾ?" ಅಂತ ಕೇಳುತ್ತಿದ್ದರು. ಕಾದಂಬರಿಯಿಂದ ಒಂದಿಡೀ ಅಧ್ಯಾಯ ತೆಗೆಯುವ ಧೈರ್ಯ ಬಂದದ್ದು ಆ ಪ್ರಶ್ನೆಯಿಂದಲೇ.

ಆಮೇಲೆ ಸ್ವಂತ ಸ್ಟುಡಿಯೋ. ನಮ್ಮಂಥ ಸಣ್ಣ ಸ್ಟುಡಿಯೋಗಳಿಗೆ ಆಟ ಪ್ರಕಟಿಸುವ ಪಬ್ಲಿಷರ್ ದುಡ್ಡು ಕಂತಿನಲ್ಲಿ ಬರುತ್ತದೆ. ಆಟದ ಆರಂಭದ ರೂಪ ಆಲ್ಫಾ ಕೊಟ್ಟರೆ ಒಂದು ಕಂತು, ಬಹುಪಾಲು ಮುಗಿದ ರೂಪ ಬೀಟಾ ಕೊಟ್ಟರೆ ಇನ್ನೊಂದು. ನಮ್ಮ ಪ್ರಾಜೆಕ್ಟ್ ಅರ್ಧಕ್ಕೇ ನಿಂತಾಗ ಕಂತೂ ನಿಂತಿತು. ಸಂಬಳಕ್ಕೆ ಎಷ್ಟು ಉಳಿದಿದೆ ಅಂತ ಎಲ್ಲರ ಮುಂದೆ ಇದ್ದದ್ದು ಇದ್ದಹಾಗೆ ಹೇಳಿದೆ. ಯಾರೂ ದನಿ ಏರಿಸಲಿಲ್ಲ. ಆರ್ಟಿಸ್ಟ್‌ಗಳು ಕೂತು ಒಬ್ಬರ ಪೋರ್ಟ್‌ಫೋಲಿಯೋ ಇನ್ನೊಬ್ಬರು ತಿದ್ದಿಕೊಟ್ಟರು. ಮೊದಲು ಕೆಲಸ ಸಿಕ್ಕವರು ಹೋದ ಕಡೆ ಉಳಿದವರ ಬಗ್ಗೆ ಹೇಳಿದರು. ಲೆಕ್ಕಪತ್ರ ನೋಡುತ್ತಿದ್ದವರು ಎಲ್ಲರ ಸಂಬಳ ಆದ ಮೇಲೆಯೇ ತಮ್ಮದನ್ನು ತೆಗೆದುಕೊಂಡರು. ಇವರ ಋಣ ದೊಡ್ಡದು.

"ಇಷ್ಟು ದಿನ ಕಥೆ ಹೇಳ್ತಾನೇ ಇದ್ದೀಯಲ್ಲ, ಬರೆದುಬಿಡು" ಅಂದವಳು ನನ್ನ ಹೆಂಡತಿ. ಬರೆಯುವಷ್ಟೂ ಕಾಲ ಮನೆ ನಡೆದದ್ದು ಅವಳ ದುಡಿಮೆಯಲ್ಲಿ. ಆಟದಿಂದ ಕಾದಂಬರಿಗೆ ಬರುವ ಈ ದಾರಿಯಲ್ಲಿ ನಮಗಿಂತ ಮುಂಚೆ ನಡೆದವರೂ ಇದ್ದರಲ್ಲ. ರಾಬರ್ಟಾ ವಿಲಿಯಮ್ಸ್ 1980ರಲ್ಲಿ ಗಂಡ ಕೆನ್ ಜೊತೆ ‘ಮಿಸ್ಟರಿ ಹೌಸ್’ ಆಟ ಮಾಡಿದರು. ಇಬ್ಬರೂ ಕಟ್ಟಿದ ಕಂಪನಿಯೇ ಮುಂದೆ ಸಿಯೆರಾ ಆಯಿತು. ಕಂಪನಿ ಬಿಟ್ಟು ಎಷ್ಟೋ ವರ್ಷದ ಮೇಲೆ, 2021ರಲ್ಲಿ, ರಾಬರ್ಟಾ ಅವರ ಕಾದಂಬರಿ ಬಂತು. ಅದು ನನಗೆ ಬೆನ್ನು ತಟ್ಟಿದಂತಾಯಿತು.

ಎಲ್ಲರಿಗಿಂತ ಜಾಸ್ತಿ ಹೇಳಬೇಕಾದ್ದು ಆಟ ಆಡಿ ತಪ್ಪು ಹುಡುಕುತ್ತಿದ್ದ ನಮ್ಮ ಟೆಸ್ಟರ್ ಬಗ್ಗೆ. ಹೊಸಬರಿಗೆ ಆಟ ಆಡಲು ಕೊಟ್ಟಾಗ ಅವರ ಹಿಂದೆ ಸುಮ್ನೆ ನಿಂತು ನೋಡಬೇಕು, ಬಾಯಿ ಬಿಡಬಾರದು. ಬಾಗಿಲು ಅವರ ಕಣ್ಣಿಗೆ ಬೀಳದಿದ್ದರೆ ತಪ್ಪು ಬಾಗಿಲಿನದು, ಅವರದಲ್ಲ. ಇದನ್ನು ನನಗೆ ಕಲಿಸಿದವರು ಈ ಟೆಸ್ಟರ್. ಹಸ್ತಪ್ರತಿಯನ್ನೂ ಅವರಿಗೇ ಕೊಟ್ಟೆ. ಆಟದ ದೋಷಗಳ ಬಗ್ ರಿಪೋರ್ಟ್ ಬರೆಯುವ ಹಾಗೆಯೇ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿದ್ದರು. "ಇಲ್ಲಿ ಫೋನ್ ನೋಡಿದೆ." "ಇಲ್ಲಿಗೆ ನಿಲ್ಲಿಸಿ ಮಲಗಿದೆ." "ಇವನು ಯಾರು? ಹಿಂದಿನ ಪುಟಕ್ಕೆ ಹೋದೆ." ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಮಾತೇ ಇಲ್ಲ. ಎಲ್ಲಿ ಏನಾಯಿತು, ಅಷ್ಟೇ. ಓದುವವರ ಬಗ್ಗೆ ಇಷ್ಟು ಕೆಲಸಕ್ಕೆ ಬರುವ ಮಾತನ್ನು ನನಗೆ ಬೇರೆ ಯಾರೂ ಹೇಳಿಲ್ಲ. ಆ ಪುಟಗಳನ್ನೆಲ್ಲ ಮತ್ತೆ ಬರೆದೆ. ಕೊನೇ ಅಧ್ಯಾಯದ ಅಂಚು ಮಾತ್ರ ಖಾಲಿ ಇತ್ತು. ಯಾಕೆ ಅಂತ ಕೇಳಿದೆ. "ಪೆನ್ಸಿಲ್ ಕೆಳಗೆ ಬಿದ್ದಿತ್ತು ಸರ್, ಎತ್ತಿಕೊಳ್ಳೋಕೆ ಮನಸ್ಸಾಗಲಿಲ್ಲ" ಅಂದರು.

ಸಾಲು ಸಾಲಿಗೂ ನನ್ನ ಜೊತೆ ಕೂತ ಸಂಪಾದಕರಿಗೆ, ಪುಟ ಕಟ್ಟಿದವರಿಗೆ, ಅಚ್ಚಿನ ತಪ್ಪುಗಳನ್ನು ಗುರುತು ಮಾಡಿ ಕಳಿಸಿದ ಓದುಗರಿಗೆ ವಂದನೆಗಳು. ತಪ್ಪುಗಳನ್ನೆಲ್ಲ ಹೊಸ ಮುದ್ರಣದಲ್ಲಿ ತಿದ್ದಿದ್ದೇವೆ. ನಿಮ್ಮ ಪತ್ರಗಳಿಗೆ ಒಂದೊಂದಾಗಿ ಉತ್ತರ ಬರೆಯುತ್ತಿದ್ದೇನೆ. ಸ್ವಲ್ಪ ತಡವಾದೀತು, ಆದರೆ ಖಂಡಿತ ಬರುತ್ತದೆ.