ಹಿಮಾಚಲಕ್ಕೆ ಬರುವ ಕನ್ನಡಿಗರಿಗೆ ಒಂದು ಕಣಿವೆ ಸಾಕು

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ನಿಮ್ಮ ಪತ್ರಿಕೆಯ ಪ್ರವಾಸ ಪುರವಣಿಯಲ್ಲಿ ಹಿಮಾಚಲ ಪ್ರದೇಶದ ಪ್ಯಾಕೇಜುಗಳ ಜಾಹೀರಾತುಗಳು ತುಂಬಿಕೊಳ್ಳುತ್ತವೆ. ದೆಹಲಿಯಿಂದ ಹೊರಟು, ಶಿಮ್ಲಾ, ಕುಫ್ರಿ, ಮನಾಲಿ, ಸೋಲಂಗ್ ಮುಗಿಸಿ ಆರನೆಯ ದಿನಕ್ಕೆ ದೆಹಲಿಗೆ ಮರಳುವುದು ಅವುಗಳಲ್ಲಿ ಹೆಚ್ಚಿನವುಗಳ ಸಾರ. ಶಿರಸಿ ಕಡೆಯವನಾದ ನಾನು ಉದ್ಯೋಗ ನಿಮಿತ್ತ ಸೋಲನ್‌ಗೆ ಬಂದು, ನಿವೃತ್ತಿಯ ನಂತರವೂ ಇಲ್ಲಿಯೇ ನೆಲೆಸಿದ್ದೇನೆ. ಊರಿನಿಂದ ಬರುವ ನೆಂಟರಿಷ್ಟರು ನಮ್ಮ ಮನೆಗೆ ತಲುಪುವ ಹೊತ್ತಿಗೆ ಸುಸ್ತಾಗಿರುತ್ತಾರೆ. ಏನು ನೋಡಿದಿರಿ ಎಂದು ಕೇಳಿದರೆ ಟೆಂಪೊ ಟ್ರಾವೆಲರ್‌ನ ಪ್ರಯಾಣವನ್ನೇ ವರ್ಣಿಸುತ್ತಾರೆ. ಶಿಮ್ಲಾದಿಂದ ಮನಾಲಿಗೆ ಸುಮಾರು 250 ಕಿ.ಮೀ. ದೂರ ಎಂಬುದನ್ನು ಬಯಲುಸೀಮೆಯ ಲೆಕ್ಕದಲ್ಲಿ ಓದುವುದೇ ಈ ತೊಂದರೆಗೆ ಮೂಲ. ಬೆಟ್ಟದ ರಸ್ತೆಯಲ್ಲಿ ಅದು ಇಡೀ ಒಂದು ದಿನದ ಕೆಲಸ.

ಆದ್ದರಿಂದ ನಾನು ಬಂಧುಗಳಿಗೆ ಹೇಳುವ ಮಾತನ್ನೇ ನಿಮ್ಮ ಓದುಗರಿಗೂ ತಿಳಿಸಬಯಸುತ್ತೇನೆ. ಹನ್ನೆರಡು ಜಿಲ್ಲೆಗಳ ಈ ರಾಜ್ಯವನ್ನು ಒಂದು ರಜೆಯಲ್ಲಿ ಸುತ್ತಿ ಮುಗಿಸುವ ಆಸೆಯನ್ನು ಬಿಟ್ಟು, ಯಾವ ತಿಂಗಳಿನಲ್ಲಿ ಬರುತ್ತೀರಿ ಎಂಬುದನ್ನು ನೋಡಿಕೊಂಡು ಒಂದು ಕಣಿವೆಯನ್ನು ಆರಿಸಿಕೊಳ್ಳಬೇಕು, ಅಲ್ಲಿಯೇ ನಿಲ್ಲಬೇಕು.

ಮೊದಲ ಬಾರಿಗೆ ವಯಸ್ಸಾದ ತಂದೆ ತಾಯಿಯರೊಡನೆ ಬರುವವರಿಗೆ ಕಾಂಗ್ಡಾ ಕಣಿವೆಯಷ್ಟು ಅನುಕೂಲವಾದ ಸ್ಥಳ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಎತ್ತರ ಕಡಿಮೆಯಿರುವುದರಿಂದ ಉಸಿರಾಟದ ತೊಂದರೆಯಿಲ್ಲ. ಪಾಲಂಪುರದ ಚಹಾ ತೋಟಗಳ ನಡುವೆ ನಿಂತರೆ ಧೌಲಾಧಾರ್ ಪರ್ವತಶ್ರೇಣಿ ಅಡ್ಡಗೋಡೆಯಂತೆ ಎದುರಿಗೇ ಎದ್ದು ನಿಂತಿರುತ್ತದೆ. 1204ರ ಕಾಲದ ಬೈಜನಾಥ ದೇವಾಲಯದಲ್ಲಿ ಇಂದಿಗೂ ಶಿವನಿಗೆ ವೈದ್ಯನಾಥನೆಂಬ ಹೆಸರಿನಲ್ಲಿ ಪೂಜೆ ಸಲ್ಲುತ್ತದೆ. ಹೆಚ್ಚು ಜನ ಹೋಗದ ಮಸ್ರೂರ್‌ಗೆ ಕನ್ನಡಿಗರು ತಪ್ಪದೆ ಹೋಗಬೇಕು. ಎಲ್ಲೋರದಲ್ಲಿ ನಮ್ಮ ರಾಷ್ಟ್ರಕೂಟರು ಬೆಟ್ಟವನ್ನು ಮೇಲಿನಿಂದ ಕೊರೆದು ಕೈಲಾಸ ದೇವಾಲಯವನ್ನು ಬಿಡಿಸಿದ ಎಂಟನೆಯ ಶತಮಾನದ ಆಸುಪಾಸಿನಲ್ಲಿಯೇ, ಇಲ್ಲಿಯೂ ಒಂದೇ ಬಂಡೆಯಲ್ಲಿ ಶಿಖರಗಳ ಸಾಲನ್ನು ಕಡೆದಿದ್ದಾರೆ. 1905ರ ಏಪ್ರಿಲ್ 4ರ ಭೂಕಂಪದಲ್ಲಿ ಅದರ ಹಲವು ಭಾಗಗಳು ಒಡೆದು ಬಿದ್ದವಾದರೂ, ಮುಂದಿನ ಕೊಳದಲ್ಲಿ ಅದರ ಪ್ರತಿಬಿಂಬವನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಧರ್ಮಶಾಲಾದ ಮೇಲಿನ ಮೆಕ್ಲಿಯೋಡ್‌ಗಂಜ್, ಬೈಲಕುಪ್ಪೆ ಮತ್ತು ಮುಂಡಗೋಡದ ಟಿಬೆಟನ್ ಶಿಬಿರಗಳನ್ನು ಕಂಡ ನಮ್ಮವರಿಗೆ ಪರಿಚಿತವೆನಿಸುತ್ತದೆ. ವಾರಾಂತ್ಯದ ಗದ್ದಲ ಮಾತ್ರ ಅಲ್ಲಿ ವಿಪರೀತ. ಪಠಾಣ್‌ಕೋಟ್‌ನಿಂದ ಜೋಗಿಂದರ್‌ನಗರಕ್ಕೆ ಹೋಗುವ, 1929ರಲ್ಲಿ ಆರಂಭವಾದ ಪುಟ್ಟ ರೈಲು ಈ ಕಣಿವೆಯಲ್ಲಿಯೇ ಸಾಗುತ್ತದೆ. 2022ರ ಮಳೆಗಾಲದಲ್ಲಿ ಚಕ್ಕಿ ನದಿಯ ಸೇತುವೆ ಕುಸಿದಾಗ ಅದರ ಸಂಚಾರ ತುಂಡಾಗಿತ್ತು. ಹಾಗಾಗಿ ಯಾವ ನಿಲ್ದಾಣದಿಂದ ಎಲ್ಲಿಯವರೆಗೆ ಓಡುತ್ತಿದೆ ಎಂದು ವಿಚಾರಿಸಿಕೊಂಡೇ ಹೊರಡಬೇಕು.

ಕಾಂಗ್ಡಾದಲ್ಲಿ ಮದುವೆ ಮನೆಯ ಊಟಕ್ಕೆ ಯಾರಾದರೂ ಕರೆದರೆ ಸಂಕೋಚ ಪಡದೆ ಹೋಗಬೇಕು. ಧಾಮ್ ಎಂಬ ಆ ಊಟವನ್ನು ಬೋಟಿ ಎಂದು ಕರೆಯಲಾಗುವ ಅಡುಗೆ ಭಟ್ಟರು ಕಟ್ಟಿಗೆಯ ಒಲೆಯ ಮೇಲೆ ಬೇಯಿಸುತ್ತಾರೆ. ನೆಲದ ಮೇಲೆ ಸಾಲಾಗಿ ಕುಳಿತವರ ಮುಂದೆ ಎಲೆಗಳನ್ನು ಹೆಣೆದ ಪತ್ತಲ್ ಹಾಕಿ, ಅನ್ನದ ಮೇಲೆ ಮೊಸರಿನಲ್ಲಿ ಬೇಯಿಸಿದ ಕಡಲೆಯ ಮದ್ರಾ, ಬಳಿಕ ಹುಳಿಯಾದ ಖಟ್ಟಾ, ಕೊನೆಗೆ ಸಿಹಿಯನ್ನು ಬಡಿಸುತ್ತಾರೆ. ಮಾಣಿಗಳು ಒಂದೊಂದೇ ಪದಾರ್ಥ ಹಿಡಿದು ಬರುವ ಕ್ರಮವನ್ನು ನೋಡಿದಾಗಲೆಲ್ಲ ನನಗೆ ನಮ್ಮ ಕಡೆಯ ಪಂಕ್ತಿ ಭೋಜನದ ನೆನಪಾಗುತ್ತದೆ.

ಇನ್ನು ಕಿನ್ನೌರ್ ಮತ್ತು ಸ್ಪಿತಿ. ಯುವಕರು ಇತ್ತೀಚೆಗೆ ಹೆಚ್ಚಾಗಿ ಕೇಳುವುದು ಇದನ್ನೇ, ತಪ್ಪಾದ ದಿಕ್ಕಿನಿಂದ ಹೋಗುವುದೂ ಇದಕ್ಕೇ. 2020ರ ಅಕ್ಟೋಬರ್‌ನಲ್ಲಿ 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ, ಮನಾಲಿಯಲ್ಲಿ ಒಂದು ರಾತ್ರಿ ಮಲಗಿ ಮರುದಿನವೇ 4,500 ಮೀಟರ್ ಮೀರಿದ ಕುಂಜುಮ್ ಕಣಿವೆದಾರಿಯನ್ನು ದಾಟಿ ಸ್ಪಿತಿಯ ಮುಖ್ಯ ಊರಾದ ಕಾಜಾ ಸೇರುವುದು ಸುಲಭವಾಗಿದೆ. ಕರಾವಳಿಯಿಂದಲೋ ಬೆಂಗಳೂರಿನಿಂದಲೋ ಬಂದ ದೇಹಕ್ಕೆ ಆ ಏರಿಕೆಯನ್ನು ತಾಳಿಕೊಳ್ಳಲು ಸಮಯವೇ ಸಿಗುವುದಿಲ್ಲ. ತಲೆನೋವು, ವಾಕರಿಕೆ, ನಿದ್ರಾಹೀನತೆಯಿಂದ ಆರಂಭವಾಗುವ ತೊಂದರೆಯನ್ನು ಅಲಕ್ಷಿಸಿ ಇನ್ನೂ ಮೇಲಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಕೆಳಗಿಳಿಯುವುದೇ ಅದಕ್ಕೆ ಮುಖ್ಯ ಚಿಕಿತ್ಸೆ. ಶಿಮ್ಲಾದ ಕಡೆಯಿಂದ, ಮೊದಲು ಸತಲಜ್, ಬಳಿಕ ಸ್ಪಿತಿ ನದಿಯ ಗುಂಟ ಸರಾಹನ್, ಕಲ್ಪಾ, ನಾಕೊ, ತಾಬೊಗಳಲ್ಲಿ ತಂಗುತ್ತ ಹೋದರೆ ಎತ್ತರ ಮೆಲ್ಲಮೆಲ್ಲನೆ ಒಗ್ಗುತ್ತದೆ, ದಾರಿಯೂ ಸಾರ್ಥಕವಾಗುತ್ತದೆ.

ಸರಾಹನ್‌ನ ಭೀಮಾಕಾಳಿ ದೇವಾಲಯದ ಗೋಡೆಯ ಬಳಿ ನಿಂತು ಅದನ್ನು ಹೇಗೆ ಕಟ್ಟಿದ್ದಾರೆ ಎಂದು ಗಮನಿಸಬೇಕು. ದೇವದಾರು ಮರದ ತೊಲೆಗಳ ಒಂದು ವರಸೆ, ಅದರ ಮೇಲೆ ಗಾರೆಯಿಲ್ಲದೆ ಜೋಡಿಸಿದ ಕಲ್ಲಿನ ಒಂದು ವರಸೆ, ಮತ್ತೆ ತೊಲೆ. ಮೂಲೆಗಳಲ್ಲಿ ತೊಲೆಗಳು ಒಂದರೊಳಗೊಂದು ಹಿಡಿದುಕೊಂಡಿರುತ್ತವೆ. ಭೂಮಿ ನಡುಗಿದಾಗ ಬಿರುಕು ಬಿಡದೆ ತುಸು ಅಲುಗಾಡಿ ನಿಲ್ಲುವ ಈ ಕಾಠ್‌ಕುಣಿ ಪದ್ಧತಿಯನ್ನು ಬಿಟ್ಟು, ಅದೇ ಇಳಿಜಾರುಗಳಲ್ಲಿ ಈಗ ಕಾಂಕ್ರೀಟ್ ಕಂಬಗಳ ಮೇಲೆ ಆರಂತಸ್ತಿನ ಹೋಟೆಲುಗಳನ್ನು ಎಬ್ಬಿಸುತ್ತಿರುವುದು ನಮ್ಮಂತಹ ಪ್ರವಾಸಿಗರಿಗಾಗಿಯೇ ಎಂಬುದನ್ನು ಮರೆಯುವಂತಿಲ್ಲ. ಕಲ್ಪಾದಲ್ಲಿ ಎರಡು ದಿನವಾದರೂ ಇದ್ದು, ಎದುರಿನ ಕಿನ್ನರ ಕೈಲಾಸ ಪರ್ವತದ ಮೇಲೆ ಬೆಳಕು ಬದಲಾಗುವುದನ್ನು ನೋಡಬೇಕು. 996ರಲ್ಲಿ ಸ್ಥಾಪನೆಯಾದ ತಾಬೊದ ಬೌದ್ಧ ವಿಹಾರ ಹೊರಗಿನಿಂದ ಬರಿಯ ಮಣ್ಣಿನ ಗೋಡೆ. ಒಳಗಿನ ಮಂದ ಬೆಳಕಿಗೆ ಕಣ್ಣು ಹೊಂದಿಕೊಂಡ ಮೇಲೆ ಭಿತ್ತಿಚಿತ್ರಗಳು ಒಂದೊಂದಾಗಿ ಕಾಣತೊಡಗುತ್ತವೆ. ಅಲ್ಲಿ ಛಾಯಾಚಿತ್ರ ತೆಗೆಯುವಂತಿಲ್ಲ, ಅದು ಒಳ್ಳೆಯದೇ ಆಯಿತು.

ತಿಂಗಳಿನ ವಿಷಯದಲ್ಲಿ ಯಾವ ರಿಯಾಯಿತಿಯೂ ಬೇಡ. ಜುಲೈ ಮತ್ತು ಆಗಸ್ಟ್‌ನಲ್ಲಿ ಹೋಟೆಲುಗಳ ದರ ಇಳಿಯುತ್ತದೆ, ಸ್ಪಿತಿ ಮಳೆನೆರಳಿನ ಪ್ರದೇಶವಾದ್ದರಿಂದ ಮಳೆಗಾಲದಲ್ಲಿಯೂ ಹೋಗಬಹುದು ಎಂದು ಏಜೆಂಟರು ಹೇಳುತ್ತಾರೆ. ಸ್ಪಿತಿಯಲ್ಲಿ ಮಳೆ ಕಡಿಮೆ ಎಂಬುದು ನಿಜವೇ. ಆದರೆ ಅಲ್ಲಿಗೆ ತಲುಪಿಸುವ ರಸ್ತೆ ಮಳೆನೆರಳಿನಲ್ಲಿಲ್ಲ. 2021ರ ಆಗಸ್ಟ್‌ನಲ್ಲಿ ಕಿನ್ನೌರ್‌ನ ನಿಗುಲ್‌ಸಾರಿಯಲ್ಲಿ ಬೆಟ್ಟ ಕುಸಿದು ಬಸ್ಸೊಂದರ ಸಹಿತ ಹಲವರು ಮಣ್ಣಿನಡಿ ಸಿಕ್ಕಿ ಸತ್ತದ್ದು ಆ ರಸ್ತೆಯಲ್ಲಿಯೇ. 2023ರ ಜುಲೈನಲ್ಲಿ ಬಿಯಾಸ್ ನದಿ ಕುಲ್ಲು–ಮನಾಲಿ ಹೆದ್ದಾರಿಯನ್ನು ತುಂಡುತುಂಡು ಮಾಡಿತು. ಮರು ತಿಂಗಳು ಶಿಮ್ಲಾದ ಸಮ್ಮರ್ ಹಿಲ್‌ನಲ್ಲಿ ಶಿವಾಲಯವೊಂದು ಭಕ್ತರೊಡನೆ ಕೊಚ್ಚಿಹೋಯಿತು, ಅಲ್ಲಿಯೇ ಕಾಲ್ಕಾ–ಶಿಮ್ಲಾ ರೈಲಿನ ಹಳಿಗಳು ಆಧಾರ ಕಳೆದುಕೊಂಡು ಗಾಳಿಯಲ್ಲಿ ನೇತಾಡಿದವು. 2025ರ ಮಳೆಗಾಲದ ಆರಂಭದಲ್ಲಿಯೇ ಮಂಡಿ ಜಿಲ್ಲೆಯ ಸೆರಾಜ್ ಭಾಗ ತತ್ತರಿಸಿತು. ಬೆಟ್ಟ ಎಳೆಯದು, ರಸ್ತೆ ಅಗಲಿಸಲು ಅದರ ಬುಡವನ್ನೇ ಕಡಿದಿದ್ದಾರೆ. ಈ ತಿಂಗಳುಗಳಲ್ಲಿ ಸ್ಥಳೀಯರೇ ಅನಿವಾರ್ಯವಿಲ್ಲದೆ ದೂರ ಪ್ರಯಾಣ ಮಾಡುವುದಿಲ್ಲ.

ನನ್ನನ್ನು ಕೇಳಿದರೆ ದಸರೆಯ ರಜೆಯೇ ಉತ್ತಮ. ಮೈಸೂರಿನಲ್ಲಿ ಜಂಬೂಸವಾರಿ ಹೊರಟು ಹಬ್ಬ ಮುಗಿಯುವ ವಿಜಯದಶಮಿಯಂದೇ ಕುಲ್ಲುವಿನಲ್ಲಿ ಏಳು ದಿನಗಳ ದಸರೆ ಆರಂಭವಾಗುತ್ತದೆ. ಧಾಲ್‌ಪುರ ಮೈದಾನದಲ್ಲಿ ರಘುನಾಥನ ರಥವನ್ನು ಹಗ್ಗ ಹಿಡಿದು ಎಳೆಯುತ್ತಾರೆ. ಸುತ್ತಲಿನ ಹಳ್ಳಿಗಳ ದೇವರುಗಳು ನರಸಿಂಘಾ ಎಂಬ ಬಾಗಿದ ಕೊಂಬಿನ ದನಿಯೊಡನೆ ಭಕ್ತರ ಹೆಗಲೇರಿ ಬಂದು, ಬಿಡಾರ ಹೂಡುತ್ತವೆ. ಮನಾಲಿಯಿಂದ ಹಿಡಿಂಬಾ ದೇವಿ ಬಂದ ಹೊರತು ಹಬ್ಬ ಆರಂಭವಾಗುವುದಿಲ್ಲ. ನಾವು ರಾಕ್ಷಸಿಯೆಂದು ಓದಿದ ಹಿಡಿಂಬೆಗೆ ಇಲ್ಲಿ ರಾಜಮನೆತನದ ಅಜ್ಜಿಯ ಸ್ಥಾನ. ಆ ವೇಳೆಗೆ ಮಳೆ ನಿಂತಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಕಿನ್ನೌರ್‌ನ ತಡವಾಗಿ ಹಣ್ಣಾಗುವ ಸೇಬು ಇನ್ನೂ ಮರದಲ್ಲಿರುತ್ತದೆ.

ಬರುವುದಾದರೆ ಯಶವಂತಪುರದಿಂದ ಚಂಡೀಗಢಕ್ಕೆ ನೇರ ರೈಲಿದೆ. ಅಲ್ಲಿಗೆ ಸಮೀಪದ ಕಾಲ್ಕಾದಿಂದ 1903ರ ಕಿರಿ ಗೇಜಿನ ರೈಲು ನೂರಕ್ಕೂ ಹೆಚ್ಚು ಸುರಂಗಗಳನ್ನು ಹಾದು ಶಿಮ್ಲಾಕ್ಕೆ 96 ಕಿ.ಮೀ. ಹತ್ತುತ್ತದೆ, ಕಾರಿನಲ್ಲಿ ಬೇಗ ತಲುಪಬಹುದೆಂಬ ಮಾತಿಗೆ ಕಿವಿಗೊಡಬಾರದು. ಕುಫ್ರಿಯ ಕುದುರೆ ಸವಾರಿಯ ಬಗ್ಗೆ ಏನೂ ಹೇಳದಿರುವುದೇ ಲೇಸು.

ತಮ್ಮಲ್ಲಿ ನನ್ನದೊಂದು ಕೋರಿಕೆ. ಪುರವಣಿಯಲ್ಲಿ ಇಂತಹ ಪ್ರವಾಸಗಳ ಕುರಿತು ಬರೆಯುವಾಗ ಪ್ರತಿ ರಾತ್ರಿ ತಂಗುವ ಸ್ಥಳದ ಎತ್ತರವನ್ನೂ, ಪ್ರತಿ ದಿನ ವಾಹನದಲ್ಲಿ ಕಳೆಯಬೇಕಾದ ಗಂಟೆಗಳನ್ನೂ ದಯವಿಟ್ಟು ಮುದ್ರಿಸಿ, ಜಾಹೀರಾತುದಾರರಿಗೂ ಹಾಗೆಯೇ ಮಾಡಲು ಸೂಚಿಸಿ. ಆ ಎರಡು ಅಂಕಿಗಳು ಕಣ್ಣೆದುರಿಗಿದ್ದರೆ ಯಾವ ಪ್ರವಾಸ ತಮಗೆ ಹೊಂದುತ್ತದೆ ಎಂಬುದನ್ನು ಓದುಗರೇ ನಿರ್ಧರಿಸಿಕೊಳ್ಳುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ
ಸೋಲನ್, ಹಿಮಾಚಲ ಪ್ರದೇಶ