ಟ್ರೆಂಡಿಂಗ್ ಅಂಕಣದ ಕೆಳಗೆ ಒಂದು ಸಾಲು ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಬರುವ 'ಇಂದಿನ ಟ್ರೆಂಡಿಂಗ್' ಅಂಕಣವನ್ನು ತಪ್ಪದೆ ಓದುತ್ತೇನೆ. ಬಸ್ ಸ್ಟ್ಯಾಂಡ್ ಪಕ್ಕ ನನ್ನದೊಂದು ಜೆರಾಕ್ಸ್ ಅಂಗಡಿ, ಆನ್‌ಲೈನ್ ಅರ್ಜಿ ಹಾಕಿಕೊಡುವ ಕೆಲಸವೂ ಇದೆ. ಜನ ಏನು ಹುಡುಕುತ್ತಿದ್ದಾರೆ ಅನ್ನೋದು ನನಗೆ ಸುಮ್ನೆ ಕುತೂಹಲವಲ್ಲ, ವ್ಯಾಪಾರ. ಯಾವ ಫಾರಂ ಜಾಸ್ತಿ ಪ್ರಿಂಟ್ ಹಾಕಿಡಬೇಕು, ಯಾವತ್ತು ಬೇಗ ಬಾಗಿಲು ತೆಗೆಯಬೇಕು ಅಂತ ತಿಳಿಯೋಕೆ ನಾನೂ ಗೂಗಲ್ ಟ್ರೆಂಡ್ಸ್ ನೋಡುತ್ತೇನೆ. ಯಾವ ಪದವನ್ನು ಜನ ಗೂಗಲ್‌ನಲ್ಲಿ ಯಾವಾಗ ಜಾಸ್ತಿ, ಯಾವಾಗ ಕಡಿಮೆ ಹುಡುಕಿದರು ಅಂತ ತೋರಿಸುವ ತಾಣ ಅದು. ದುಡ್ಡು ಕೊಡಬೇಕಿಲ್ಲ. 2004ರಿಂದ ಈಚಿನ ಏರಿಳಿತವೆಲ್ಲ ಅಲ್ಲಿ ಸಿಗುತ್ತದೆ.

ಮೊನ್ನೆ ನೀವು ಒಂದು ವಿಷಯದ ಮುಂದೆ ಗೂಗಲ್ ಟ್ರೆಂಡ್ಸಿನ '100' ಅಂತ ಹಾಕಿ, 'ಎಲ್ಲರ ಬಾಯಲ್ಲೂ ಇದೇ ಮಾತು' ಎಂದು ಬರೆದಿದ್ದಿರಿ. ತಕರಾರು ಇಲ್ಲಿದೆ. ಆ 100 ಅಂದರೆ ಜನರ ಲೆಕ್ಕವಲ್ಲ, ಶೇಕಡಾವಾರೂ ಅಲ್ಲ. ನೀವು ಆರಿಸಿಕೊಂಡ ಜಾಗದಲ್ಲಿ, ಆರಿಸಿಕೊಂಡ ಅವಧಿಯಲ್ಲಿ, ಆ ಪದದ ಹುಡುಕಾಟ ಯಾವಾಗ ತುದಿ ಮುಟ್ಟಿತೋ ಆ ಹೊತ್ತಿಗೆ ಗೂಗಲ್ 100 ಕೊಡುತ್ತದೆ. ಉಳಿದ ಅಂಕಿಗಳೆಲ್ಲ ಅದಕ್ಕೆ ಹೋಲಿಸಿದ್ದು. ತಕ್ಕಮಟ್ಟಿಗೆ ಹುಡುಕಾಟ ಇರುವ ಯಾವ ಪದವನ್ನು ಒಂದೇ ಹಾಕಿದರೂ ಎಲ್ಲೋ ಒಂದು ಕಡೆ 100 ಬಂದೇ ಬರುತ್ತದೆ. ಅದರಲ್ಲೇನು ದೊಡ್ಡ ಸುದ್ದಿ?

ಎಸ್ಸೆಸ್ಸೆಲ್ಸಿ ರಿಸಲ್ಟನ್ನೇ ತೆಗೆದುಕೊಳ್ಳಿ. ಕರ್ನಾಟಕ ಅಂತ ಆರಿಸಿ ಒಂದು ವರ್ಷದ ಗ್ರಾಫಿನ ಗೆರೆ ನೋಡಿದರೆ, ಫಲಿತಾಂಶದ ವಾರ ಅದು ಸರ್ರನೆ ಮೇಲೆದ್ದು ಉಳಿದ ತಿಂಗಳು ನೆಲಕ್ಕೆ ಅಂಟಿಕೊಂಡಿರುತ್ತದೆ. ಹಾಗಂತ ಆಗಸ್ಟಿನಲ್ಲಿ ಯಾರೂ ಹುಡುಕೋದೇ ಇಲ್ಲ ಅಂತಲ್ಲ. ಆಗಲೂ ನನ್ನ ಅಂಗಡಿಗೆ ಮಕ್ಕಳು ನಂಬರ್ ಬರೆದ ಚೀಟಿ ಹಿಡಿದು 'ಅಕ್ಕಾ, ಮಾರ್ಕ್ಸ್ ಒಂದು ಪ್ರಿಂಟ್' ಅಂತ ಬರುತ್ತಾರೆ. ಇನ್ನು ಕರ್ನಾಟಕದ ಬದಲು ಭಾರತ ಅಂತ ಆರಿಸಿದರೆ ಆಟವೇ ಬೇರೆ. ಕೇರಳದಲ್ಲೂ ಹತ್ತನೇ ತರಗತಿ ಪರೀಕ್ಷೆಗೆ ಎಸ್ಸೆಸ್ಸೆಲ್ಸಿ ಅಂತಲೇ ಹೆಸರು. 2025ರಲ್ಲಿ ನಮ್ಮ ಫಲಿತಾಂಶ ಮೇ 2ಕ್ಕೆ ಬಂತು, ಅವರದು ಮೇ 9ಕ್ಕೆ. ಎರಡೂ ಒಂದೇ ಗೆರೆಯೊಳಗೆ ಸೇರಿಕೊಳ್ಳುತ್ತವೆ. ಅಲ್ಲಿಯ ಗಡಿಬಿಡಿಯನ್ನು ನಮ್ಮ ಲೆಕ್ಕಕ್ಕೆ ಬರೆದುಬಿಡೋದು ಸುಲಭ ಅಲ್ವಾ?

ಗೂಗಲ್ ಟ್ರೆಂಡ್ಸ್ ತೋರಿಸುವ ರಾಜ್ಯಗಳ ನಕ್ಷೆಯದ್ದೂ ಇದೇ ಕಥೆ. ಆ ರಾಜ್ಯದ ಒಟ್ಟು ಹುಡುಕಾಟದಲ್ಲಿ ಈ ಪದದ ಪಾಲೆಷ್ಟು ಅಂತ ಮಾತ್ರ ಅದು ತೋರಿಸುತ್ತದೆ. ಪುಟ್ಟ ಗೋವಾ ಮೇಲೆ, ಕರ್ನಾಟಕ ಕೆಳಗೆ ಕಂಡರೆ ಗೋವಾದಲ್ಲೇ ಜಾಸ್ತಿ ಜನ ಹುಡುಕಿದರು ಅಂತ ಅರ್ಥವಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಅಡಿಕೆ ಬೆಳೆಗಾರರೊಬ್ಬರು ಫೋನಿನ ಮೈಕ್ ಒತ್ತಿ 'ಇವತ್ತು ರಾಶಿ ರೇಟ್ ಎಷ್ಟು' ಅನ್ನುತ್ತಾರೆ (ರಾಶಿ ಅಂದರೆ ಅಡಿಕೆಯ ಒಂದು ಬಗೆ). ಅವರ ಮಗ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುತ್ತಾನೆ. ಬರೀ ಪದ ಹಾಕಿ ನೋಡಿದರೆ ಈ ಎರಡೂ ಬೇರೆ ಬೇರೆ ಲೆಕ್ಕ. 'ಟಾಪಿಕ್' ಅಂತ ಇರುವುದನ್ನು ಆರಿಸಿದರೆ ಭಾಷೆ ಬೇರೆಯಾದರೂ ಒಂದೇ ಕಡೆ ಸೇರುತ್ತವೆ. ನಿಮ್ಮ ಅಂಕಣದವರು ಯಾವುದನ್ನು ಆರಿಸುತ್ತಾರೆ, ತಿಳಿಯುವುದಿಲ್ಲ.

ಎಕ್ಸ್‌ನ (ಹಿಂದಿನ ಟ್ವಿಟರ್) ಟ್ರೆಂಡಿಂಗ್ ಪಟ್ಟಿ ನೋಡಿ ಬರೆಯುವುದಾದರೆ ಇನ್ನೂ ಹುಷಾರಾಗಿರಬೇಕು. ನೀವು ಯಾರನ್ನು ಫಾಲೋ ಮಾಡುತ್ತೀರಿ, ಎಲ್ಲಿದ್ದೀರಿ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಉಪಸಂಪಾದಕರ ಫೋನಿನ ಪಟ್ಟಿ ನಾಡಿನ ಪಟ್ಟಿ ಆಗುವುದು ಹೇಗೆ? ಯೂಟ್ಯೂಬಂತೂ ಒಂದು ದೇಶದವರಿಗೆಲ್ಲ ಒಂದೇ ಪಟ್ಟಿ ತೋರಿಸುತ್ತಿದ್ದ ತನ್ನ ಟ್ರೆಂಡಿಂಗ್ ಪುಟವನ್ನೇ 2025ರ ಜುಲೈಯಲ್ಲಿ ಮುಚ್ಚಿತು.

ನಿಜವಾದ ಎಣಿಕೆಯೇ ಬೇಕು ಅಂದರೆ ವಿಕಿಪೀಡಿಯದ ಪೇಜ್‌ವ್ಯೂಸ್ ಇದೆ. ಯಾವ ಪುಟವನ್ನು ಯಾವ ದಿನ ಎಷ್ಟು ಸಲ ತೆರೆದರು ಅಂತ 2015ರ ಜುಲೈಯಿಂದ ಈಚೆಗಿನ ಅಂಕಿ ಅಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ಕನ್ನಡ ವಿಕಿಪೀಡಿಯದ್ದನ್ನೇ ಬೇರೆಯಾಗಿ ನೋಡಬಹುದು. ಅಂಕಿಗಳು ಸಣ್ಣವು, ಹೆಡ್‌ಲೈನಿಗೆ ಅಷ್ಟು ಚೆನ್ನಾಗಿ ಕಾಣದೇ ಇರಬಹುದು. ಆದರೆ ಅಷ್ಟೂ ಕನ್ನಡದ ಪುಟಗಳನ್ನೇ ತೆರೆದ ಲೆಕ್ಕ. ವಾರಕ್ಕೊಮ್ಮೆಯಾದರೂ ಅದನ್ನು ಹಾಕಿ ನೋಡಿ.

ಅಂಕಣ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಯಾವ ತಾಣದಲ್ಲಿ ನೋಡಿದ್ದು, ಯಾವ ರಾಜ್ಯ ಅಥವಾ ದೇಶ ಆರಿಸಿದ್ದು, ಎಷ್ಟು ಹೊತ್ತಿನ ಲೆಕ್ಕ ಅಂತ ಕೆಳಗೆ ಒಂದು ಸಾಲು ಹಾಕಿ. ಜಾಗ ಸಾಲದಿದ್ದರೆ ಶೀರ್ಷಿಕೆ ಪಕ್ಕದ ಆ ಬೆಂಕಿ ಎಮೋಜಿ ತೆಗೆಯಬಹುದು.

— ಜೆರಾಕ್ಸ್ ಅಂಗಡಿಯವಳು, ಸಾಗರ