ಕಾರ್ಖಾನೆ ಅಂಗಳದಲ್ಲಿ ಹಕ್ಕಿ, ಚಿಟ್ಟೆಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ-ಧಾರವಾಡದ ತಾರಿಹಾಳ, ಬೇಲೂರು, ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶಗಳಲ್ಲಿ ಜೂನ್ 5 ಬಂತೆಂದರೆ ಸಸಿ ನೆಡುವ ಸಡಗರ. ಆದರೆ ಎಷ್ಟೋ ಕಾಂಪೌಂಡುಗಳಲ್ಲಿ ಕೊನೆಗೆ ಉಳಿಯುವುದು ಹುಲ್ಲುಹಾಸು ಮತ್ತು ಸಾಲು ಸಾಲು ಕೊನೊಕಾರ್ಪಸ್ ಎಂಬ ವಿದೇಶಿ ಗಿಡ. ಗುಜರಾತ್ ಸರ್ಕಾರ 2023ರಲ್ಲೇ ನಿಷೇಧಿಸಿದ ಗಿಡವಿದು. ಒಂದೆರಡು ಗುಂಟೆಯನ್ನಾದರೂ ಇಲ್ಲಿಯ ಜೀವಿಗಳಿಗೆ ಬಿಟ್ಟುಕೊಡಲು ಕಂಪನಿಗಳು, ಕಾಲೇಜುಗಳು, ಸರ್ಕಾರಿ ಕಚೇರಿಗಳು ಮನಸ್ಸು ಮಾಡಬೇಕು.

ಬೇಲಿಗುಂಟ ಲಕ್ಕಿ, ತಂಗಡಿ, ಬಾರಿ ಗಿಡಗಳಿರಲಿ. ಒಳಗೆ ಬೇವು, ಹೊಂಗೆ, ಕಕ್ಕೆ. ಕಟ್ಟಡ, ಪೈಪುಗಳಿಂದ ದೂರದಲ್ಲಿ ಒಂದು ಅತ್ತಿ. ತಾನಾಗಿ ಹುಟ್ಟಿದ ಎಕ್ಕೆಯನ್ನು ಕೀಳುವುದು ಬೇಡ, ಪ್ಲೇನ್ ಟೈಗರ್ ಚಿಟ್ಟೆಯ ಹುಳು ಅದರ ಎಲೆ ತಿಂದು ಬೆಳೆಯುತ್ತದೆ. ಕ್ಯಾಂಟೀನ್ ಹಿಂದಿನ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಂದು-ಬಿಳುಪಾಗಿ ಅಂಟಿಕೊಂಡಿರುವುದು ಕಾಮನ್ ಮಾರ್ಮನ್ ಚಿಟ್ಟೆಯ ಎಳೆ ಹುಳು. ಬಲಿತ ಮೇಲೆ ಹಸಿರಾಗುತ್ತದೆ. ತೋಟದ ಗುತ್ತಿಗೆಯವರು ಇದನ್ನು ಕಂಡೊಡನೆ ಔಷಧ ಹೊಡೆಯುತ್ತಾರೆ. ಹೀಗೆ ಬಿಟ್ಟುಕೊಟ್ಟ ಜಾಗಕ್ಕೆ ಕೀಟನಾಶಕ, ಕಳೆನಾಶಕ ಬೇಡವೆಂದು ಕರಾರಿನಲ್ಲೇ ಬರೆಸದಿದ್ದರೆ ಉಳಿದ ಖರ್ಚೆಲ್ಲ ವ್ಯರ್ಥ.

ಇನ್ನು ಎರೆ ಮಣ್ಣು. ಸಸಿಗಳು ಹೆಚ್ಚು ಸಾಯುವುದು ಇಲ್ಲಿಯೇ. ಮಳೆಯಲ್ಲಿ ತೋಡಿದ ಗುಂಡಿಯ ಗೋಡೆ ಸಲಿಕೆ ತಾಗಿ ನುಣುಪಾಗಿ, ಒಣಗಿದಾಗ ಗಟ್ಟಿ ಕಟ್ಟುತ್ತದೆ. ಬೇರು ಹೊರಗೆ ಚಾಚಲಾಗದೆ ಒಳಗೇ ಸುತ್ತುತ್ತದೆ, ನೀರು ನಿಂತು ಕೊಳೆಯುತ್ತದೆ. ಹಾಗಾಗಿ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಏಪ್ರಿಲ್-ಮೇನಲ್ಲೇ ತೆಗೆದು ಬಿಸಿಲಿಗೆ ಬಿಡಬೇಕು. ನೆಡುವಾಗ ಗೋಡೆ ಕೆರೆದು, ಅದೇ ಮಣ್ಣಿಗೆ ಎರಡು ಬುಟ್ಟಿ ಕಳಿತ ತಿಪ್ಪೆಗೊಬ್ಬರ ಬೆರೆಸಿ, ಸಸಿ ನೆಲಮಟ್ಟಕ್ಕಿಂತ ನಾಲ್ಕು ಇಂಚು ಮೇಲೆ ನಿಲ್ಲುವಂತೆ ಏರಿಸಬೇಕು. ಬೇಸಿಗೆಯಲ್ಲಿ ಎರೆ ಬಿರಿದರೆ ಎಳೆಬೇರು ಹರಿಯುತ್ತದೆ. ಕಾಂಡದಿಂದ ಅರ್ಧ ಗೇಣು ಬಿಟ್ಟು ಸುತ್ತ ನಾಲ್ಕು ಇಂಚು ಒಣ ಎಲೆ ಹೊದಿಸಿದರೆ ತಡೆಯುತ್ತದೆ. ಆ ಎಲೆಯನ್ನೇ ಗುಡಿಸಿ ಬೆಂಕಿ ಹಚ್ಚುವುದನ್ನು ನೋಡಿದಾಗ ಸಂಕಟವಾಗುತ್ತದೆ.

ನೀರಿಗೆ 10 ಅಡಿ ಉದ್ದ, 8 ಅಡಿ ಅಗಲದ ಹೊಂಡ ಸಾಕು. ಒಂದು ಬದಿ ಎರಡು ಅಡಿ ಆಳ, ಇನ್ನೊಂದು ಬದಿ ಇಳಿಜಾರು. ಕೃಷಿ ಹೊಂಡಕ್ಕೆ ಬಳಸುವ 500 ಮೈಕ್ರಾನ್ (ಅರ್ಧ ಮಿಲಿಮೀಟರ್) ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಮಣ್ಣು, ಕಲ್ಲು ಹರಡಬೇಕು; ಬರಿ ಹಾಳೆಯ ಮೇಲೆ ಜಾರುವ ಅಳಿಲು, ಓತಿಕ್ಯಾತ ಹತ್ತಿ ಬರಲಾರದೆ ಮುಳುಗುತ್ತವೆ. ಹಲವು ಬಡಾವಣೆಗಳು ನಳದ ನೀರಿಗೆ ದಿನಗಟ್ಟಲೆ ಕಾಯುವ ಊರಿದು, ಆದ್ದರಿಂದ ಚಾವಣಿಯ ನೀರನ್ನೇ ತಿರುಗಿಸಬೇಕು: 100 ಚದರ ಮೀಟರ್ ಶೆಡ್ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚುಕಡಿಮೆ 1000 ಲೀಟರ್. ಎಣ್ಣೆ ಬಿದ್ದ ಪಾರ್ಕಿಂಗ್ ನೀರು ಮಾತ್ರ ಇದಕ್ಕೆ ಸೇರಕೂಡದು. ಸೊಳ್ಳೆಯ ಭಯಕ್ಕೆ ಸೊಳ್ಳೆಮರಿ ತಿನ್ನಲೆಂದು ಬಿಡುವ ಗ್ಯಾಂಬೂಸಿಯಾ ಮೀನೂ ಬೇಡ. ನೀರಿನಲ್ಲೇ ಬೆಳೆದು ಸೊಳ್ಳೆಮರಿ ತಿನ್ನುವ ಏರೋಪ್ಲೇನ್ ಚಿಟ್ಟೆಯ (ಡ್ರ್ಯಾಗನ್‌ಫ್ಲೈ) ಮರಿಗಳನ್ನೂ ಕಪ್ಪೆಯ ಗೊದಮೊಟ್ಟೆಗಳನ್ನೂ ಅದು ಮುಗಿಸುತ್ತದೆ. ಡೆಂಗಿ ಸೊಳ್ಳೆಯನ್ನು ಹುಡುಕಬೇಕಾದದ್ದು ಸ್ಕ್ರ್ಯಾಪ್ ರಾಶಿಯ ಟಯರು, ಡ್ರಮ್ಮುಗಳಲ್ಲಿ.

ಕೈಗಾರಿಕಾ ಸಂಘಗಳು ತಮ್ಮ ಸದಸ್ಯರ ಪರವಾಗಿ ಅರಣ್ಯ ಇಲಾಖೆಯ ನರ್ಸರಿಗಳಿಗೆ ಈ ಸ್ಥಳೀಯ ಗಿಡಗಳ ಬೇಡಿಕೆಯನ್ನು ಮಳೆಗಾಲಕ್ಕೆ ಆರು ತಿಂಗಳು ಮೊದಲೇ ಒಟ್ಟಾಗಿ ಸಲ್ಲಿಸಲಿ.

– ಓದುಗರು, ಧಾರವಾಡ